ಹುಲ್ಲಿನ ಲೋಡಿಗೆ ದುಡ್ಡು ಕೊಡುವ ಮುಂಚೆ ಗಾಡಿಯ ಹಿಂಭಾಗ ನೋಡಿ

ಹೈನುಗಾರ್ತಿ ಅಕ್ಕಂದಿರೇ, ರಾಸು ಕೊಳ್ಳುವಾಗ ನೀವು ಕೆಚ್ಚಲು ನೋಡುತ್ತೀರಿ, ಹಲ್ಲು ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೀರಿ. ಆ ರಾಸಿಗೆ ಹುಲ್ಲು ತರುವ ಗಾಡಿಯ ಹಿಂಭಾಗವನ್ನು ಮಾತ್ರ ನೋಡುವವರು ಕಡಿಮೆ. ಅದನ್ನೂ ನೋಡಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಾರಣ ಇಷ್ಟೇ. ಭದ್ರಾ ನಾಲೆಯ ಬಯಲಿನ ಭತ್ತದ ಹುಲ್ಲು ತರೀಕೆರೆ ಕಡೆಯಿಂದ ಕಡೂರಿನ ಒಣಭೂಮಿಯ ಊರುಗಳಿಗೆ ಬರುವುದು ಹೆಚ್ಚಾಗಿ ಸಂಜೆ, ರಾತ್ರಿ. ಅಜ್ಜಂಪುರ ಕಡೆಯ ಜೋಳದ ಸಪ್ಪೆಯೂ ಹಾಗೆಯೇ. ನೀವು ಡೇರಿಗೆ ಹಾಲು ಹಾಕಲು ರಸ್ತೆಗಿಳಿಯುವುದೂ ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಟ್ರೇಲರಿನ ಹಿಂದಕ್ಕೆ ಜೋತುಬಿದ್ದ ಹುಲ್ಲು ಕೆಂಪು ದೀಪಗಳನ್ನು ಮುಚ್ಚಿಬಿಡುತ್ತದೆ. ಅದನ್ನು ತಪ್ಪಿಸಲು ಹೋದ ಬೈಕೋ ಲಾರಿಯೋ ನುಗ್ಗುವುದು ರಸ್ತೆ ಬದಿಯಲ್ಲಿ ಕ್ಯಾನ್ ಹಿಡಿದು ನಡೆಯುವವರ ಮೇಲೆ, ಮೇಯಿಸಿಕೊಂಡು ಬರುವ ರಾಸುಗಳ ಮೇಲೆ.

ನಿಯಮ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂಬದಿಯ ದೀಪ ಕೆಂಪಗಿರಬೇಕು, 155 ಮೀಟರ್ ದೂರಕ್ಕೆ ಕಾಣಬೇಕು. ಬ್ರೇಕ್ ದೀಪವೂ ಕೆಂಪೇ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮುಂದಿನ ಗಾಡಿ ನಿಂತಿದ್ದು ಎರಡು ಸೆಕೆಂಡ್ ತಡವಾಗಿ ತಿಳಿದರೆ 33 ಮೀಟರ್ ಹೋಯಿತು.

ಈಗ ಹುಡುಗರು ಶೋಕಿಗೆ ಹಿಂದೆ ನೀಲಿ, ಬಿಳಿ, ಮಿಣುಕುವ ಎಲ್‌ಇಡಿ ಪಟ್ಟಿ ಹಾಕಿಸುತ್ತಾರೆ, ಕೆಂಪು ಗಾಜಿಗೆ ಕಪ್ಪು ಹಾಳೆ ಅಂಟಿಸುತ್ತಾರೆ. ಬ್ರೇಕ್ ಒತ್ತಿದಾಗ ಕೆಂಪು ಜೋರಾಗಿ ಉರಿದರೆ ತಾನೇ ಹಿಂದಿನವನಿಗೆ ಎಚ್ಚರ? ಸದಾ ಝಗಝಗ ಎನ್ನುವ ದೀಪದ ನಡುವೆ ಅದು ಕಾಣುವುದೇ ಇಲ್ಲ.

ಇಂಧನದ ಮಾತೂ ಹೀಗೆಯೇ. ಖರ್ಚು ಉಳಿಸಲು ಕೆಲವರು ಅಡುಗೆಮನೆಯ ಸಿಲಿಂಡರನ್ನು ಗಾಡಿಗೆ ಜೋಡಿಸುತ್ತಾರೆ. ಇದು ಕಾನೂನಿಗೆ ವಿರುದ್ಧ. ಒಣಹುಲ್ಲು ತುಂಬಿದ ಗಾಡಿಯಲ್ಲಂತೂ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡ ಹಾಗೆ. ಗ್ಯಾಸಿಗೆ ಬದಲಾಯಿಸುವವರು ಅನುಮೋದಿತ ಕಿಟ್ ಹಾಕಿಸಲಿ, ಆರ್‌ಸಿಯಲ್ಲಿ ದಾಖಲಿಸಲಿ. ಇಲ್ಲವಾದರೆ ವಿಮೆಗೂ ತೊಡಕು. ಡೀಸೆಲ್ ಕ್ಯಾನನ್ನು ಹಾಲಿನ ಕ್ಯಾನಿನ ಪಕ್ಕ, ಹುಲ್ಲಿನ ಮೇಲೆ ಇಡುವುದೂ ನಿಲ್ಲಬೇಕು. ಹಾಲಿನ ಕೊಬ್ಬು ವಾಸನೆಯನ್ನು ಬೇಗ ಹೀರುತ್ತದೆ. ಡೀಸೆಲ್ ಚೆಲ್ಲಿದ ಮೇವು ತಿಂದ ರಾಸು ಮೇವು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಬದುಕಿಸುವುದು ಕಷ್ಟ.

“ನಮ್ಮೂರ ಹುಡುಗ, ಹೇಗೆ ಕೇಳೋದು ಸಾರ್” ಎನ್ನುತ್ತೀರಿ. ನಮ್ಮೂರ ಹುಡುಗ ಎಂಬ ಕಾರಣಕ್ಕೇ ಕೇಳಬೇಕು. ಒಂದು ಬಲ್ಬು, ಒಂದಿಷ್ಟು ಕೆಂಪು ರಿಫ್ಲೆಕ್ಟರ್ ಪಟ್ಟಿ, ಇದಕ್ಕೆ ಬಾಡಿಗೆ ಏರಿಸುವಷ್ಟು ಖರ್ಚಿಲ್ಲ. ಪೊಲೀಸರು, ಆರ್‌ಟಿಒದವರು ಪ್ರತಿ ಹಳ್ಳಿ ರಸ್ತೆಯಲ್ಲಿ ನಿಲ್ಲಲಾರರು. ಬಾಡಿಗೆ ಕೊಡುವ ನೀವು ಪ್ರತಿ ಮನೆಯ ಮುಂದೆ ಇದ್ದೀರಿ.

ಲೋಡ್ ಹೇಳುವಾಗಲೇ ಮೂರು ಮಾತು ಹೇಳಿ: ಹಿಂದಿನ ಎರಡೂ ಕೆಂಪು ದೀಪ ಉರಿಯಬೇಕು, ಹುಲ್ಲು ಅವನ್ನು ಮುಚ್ಚಬಾರದು, ಮನೆ ಸಿಲಿಂಡರ್ ಇರಬಾರದು. ಗಾಡಿ ಬಂದಾಗ ಒಬ್ಬರು ಬ್ರೇಕ್ ಒತ್ತಿಸಿ, ಒಬ್ಬರು ಹಿಂದೆ ನಿಂತು ನೋಡಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಹಾಲಿನ ಗಾಡಿಗೂ ಇದೇ ಷರತ್ತು ಇರಲಿ ಎಂದು ಠರಾವು ಮಾಡಿಸಿ. ಒಕ್ಕೂಟವೂ ಸಾಗಣೆ ಕರಾರಿನಲ್ಲಿ ಇದನ್ನು ಬರೆಸಿ, ತಿಂಗಳಿಗೊಮ್ಮೆ ಪರೀಕ್ಷಿಸಲಿ.