ಇಮಾಮರಿಗೆ ಇಖ್ಲಾಸ್‌ನ ಉಪದೇಶ, ಕಟ್ಟಡಕ್ಕೆ ಅಮೃತಶಿಲೆ

ಹಾಸನ ಜಿಲ್ಲೆಯ ಅರಸೀಕೆರೆ ಸೀಮೆ ತೆಂಗಿನ ನಾಡು. ಬಾಣಾವರ, ಜಾವಗಲ್ ಕಡೆಯ ತೋಟಗಳಲ್ಲಿ ಕಾಯಿ ಸುಲಿಯುವ ಕಾರ್ಮಿಕನಿಗೆ ಎಣಿಕೆಯ ಲೆಕ್ಕದಲ್ಲಿ ಕೂಲಿ ಸಲ್ಲುತ್ತದೆ. ಎಷ್ಟು ಕಾಯಿಗೆ ಎಷ್ಟು ಹಣವೆಂಬುದು ಅವನಿಗೂ ಗೊತ್ತು, ಯಜಮಾನನಿಗೂ ಗೊತ್ತು. ಆದರೆ ನಮ್ಮ ಮಕ್ಕಳಿಗೆ ಕುರ್‌ಆನ್ ಕಲಿಸುವ, ನಮ್ಮ ನಮಾಝಿಗೆ ನೇತೃತ್ವ ನೀಡುವ ಇಮಾಮರ ದುಡಿಮೆಗೆ ಇಂಥ ಒಂದು ಲೆಕ್ಕವಾದರೂ ಉಂಟೇ? ಸಣ್ಣ ಊರಿರಲಿ, ದೊಡ್ಡ ಪಟ್ಟಣವಿರಲಿ, ನಮ್ಮ ಎಷ್ಟೋ ಮಸೀದಿಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಇಮಾಮರ ಕೆಲಸವೇನೆಂದು ಯಾರೂ ಬರೆದಿಟ್ಟಿಲ್ಲ. ಆದ್ದರಿಂದ ಎಲ್ಲವೂ ಅವರ ಕೆಲಸವೇ. ಐದು ಹೊತ್ತಿನ ನಮಾಝ್, ಬೆಳಗ್ಗೆ ಸಂಜೆ ಮದ್ರಸ, ಶುಕ್ರವಾರದ ಖುತ್ಬಾ, ನಿಕಾಹ್, ಜನಾಝ. ಸಾಲದೆಂಬಂತೆ ಚಂದಾ ಸಂಗ್ರಹವೂ ಅವರ ತಲೆಗೇ. ವಾರದ ರಜೆ ಇಲ್ಲ. ಕಾಯಿಲೆ ಬಿದ್ದರೆ ಬದಲಿ ಆಳಿಲ್ಲ. ಹೊಣೆ ಬೆಟ್ಟದಷ್ಟು, ಅಧಿಕಾರ ಸಾಸಿವೆಯಷ್ಟೂ ಇಲ್ಲ. ಮದ್ರಸದ ಪಾಠಕ್ರಮವನ್ನು ನಿರ್ಧರಿಸುವವರು ಸಮಿತಿಯ ಸದಸ್ಯರು. ಖುತ್ಬಾ ಯಾರಿಗಾದರೂ ಹಿತವೆನಿಸದಿದ್ದರೆ ಮರುದಿನವೇ ಗಂಟುಮೂಟೆ ಕಟ್ಟಬೇಕಾದವರು ಇಮಾಮರು.

ವೇತನ ಹೆಚ್ಚಿಸಿರೆಂದರೆ ಸಮಿತಿಗಳಿಗೆ ಥಟ್ಟನೆ ಇಖ್ಲಾಸ್ ನೆನಪಾಗುತ್ತದೆ. ದೀನಿನ ಸೇವೆಗೆ ಕೂಲಿ ಕೇಳಬಹುದೇ ಎನ್ನುತ್ತಾರೆ. ಹಾಗಾದರೆ ಹಝ್ರತ್ ಅಬೂಬಕರ್ ಸಿದ್ದೀಕ್(ರ)ರಿಗಿಂತ ಇಖ್ಲಾಸ್ ಉಳ್ಳವರು ಯಾರು? ಖಲೀಫರಾದ ಬಳಿಕವೂ ಅವರು ಎಂದಿನಂತೆ ಬಟ್ಟೆ ಹೊತ್ತು ಮಾರುಕಟ್ಟೆಗೆ ಹೊರಟಾಗ, ಅವರಿಗೆ ಬೈತುಲ್ ಮಾಲ್‌ನಿಂದ ಜೀವನಾಂಶ ಗೊತ್ತುಪಡಿಸಲಾಯಿತೆಂದು ಚರಿತ್ರೆ ಹೇಳುತ್ತದೆ. ಸಮುದಾಯದ ಹೊಣೆ ಹೊತ್ತವನು ಹೊಟ್ಟೆಪಾಡಿನ ಚಿಂತೆಯಿಂದ ಮುಕ್ತನಾಗಿರಬೇಕೆಂಬ ತಿಳಿವಳಿಕೆ ಅಂದೇ ಇತ್ತು. ಬೆವರು ಆರುವ ಮುನ್ನ ಕೂಲಿ ಕೊಡಿರೆಂದೂ ಶಕ್ತಿ ಮೀರಿದ ಹೊರೆ ಹೊರಿಸಬೇಡಿರೆಂದೂ ಪ್ರವಾದಿ(ಸ)ರು ಕಲಿಸಿದ್ದನ್ನು ನಾವು ಅನ್ಯರೆದುರು ಹೆಮ್ಮೆಯಿಂದ ಸಾರುತ್ತೇವೆ. ಆ ಬೋಧನೆ ಮಸೀದಿಯ ಕಚೇರಿಯೊಳಗೆ ಮಾತ್ರ ಅನ್ವಯಿಸುವುದಿಲ್ಲವೇ?

ಇಮಾಮರದು ಧಾರ್ಮಿಕ ಕರ್ತವ್ಯ, ಅದಕ್ಕೆ ವೇತನದ ಹಕ್ಕಿಲ್ಲ ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿಯೂ ಕೇಳಿಬಂದಿತ್ತು. 1993ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಇಮಾಮರು ಸಂಭಾವನೆಗೆ ಅರ್ಹರೆಂದು ತೀರ್ಪಿತ್ತಿತು. ಇಷ್ಟು ವರ್ಷಗಳ ಬಳಿಕವೂ ನಮ್ಮ ಸಮಿತಿಗಳಿಗೆ ಅದೇ ಹಳೆಯ ವಾದ ಪ್ರಿಯವಾಗಿರುವುದು ವಿಪರ್ಯಾಸ.

ಸರಕಾರ ಕೊಡುತ್ತದಲ್ಲಾ ಎಂಬುದು ಇನ್ನೊಂದು ನೆಪ. 2025ರ ಮಾರ್ಚ್‌ನ ರಾಜ್ಯ ಬಜೆಟ್ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂ.ಗೆ ಏರಿಸುವುದಾಗಿ ಘೋಷಿಸಿತು. ಮುಅಝ್ಝಿನರಿಗೆ 5,000 ರೂ. ಸ್ವಾಗತಾರ್ಹವೇ. ಆದರೆ 6,000ವನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 200 ರೂ. ಅದೇ 2025-26ರಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದ ದಿನಗೂಲಿ 370 ರೂ. ಇತ್ತು. ಗೌರವಧನ ಆಸರೆಯಾದೀತು, ವೇತನವಾಗದು. ಅದನ್ನು ತೋರಿಸಿ ಸಮಿತಿ ತನ್ನ ಪಾಲನ್ನು ಕಡಿತಗೊಳಿಸಿದರೆ ಅದು ಅನ್ಯಾಯವಲ್ಲದೆ ಬೇರೇನಲ್ಲ.

ರಮಝಾನಿನಲ್ಲಿ ಲಕೋಟೆಯಲ್ಲಿ ಹಾಕಿ ಕೊಡುವ ಹದಿಯಾ ಕೂಡ ವೇತನವಲ್ಲ. ಕೊಡುವವನ ಮನಸ್ಸಿನಂತೆ ಹಿಗ್ಗುವ, ಕುಗ್ಗುವ ಹಣವು ಪಡೆಯುವವನ ಬೆನ್ನನ್ನು ಬಾಗಿಸುತ್ತದೆ. ವರದಕ್ಷಿಣೆ ಪಡೆದ ಧನಿಕನ ಲಕೋಟೆಗಾಗಿ ಕಾಯಬೇಕಾದವರು ಮಿಂಬರಿನ ಮೇಲೆ ನಿಂತು ವರದಕ್ಷಿಣೆಯನ್ನು ಖಂಡಿಸುವುದು ಹೇಗೆ?

ಹಾಗೆಂದು ಹಣವೊಂದೇ ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಮಂದಿ ಇಂಜಿನಿಯರ್ ಹಾಗೂ ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವಿದು: ಕೀಳು ವೇತನ ಅತೃಪ್ತಿಯನ್ನು ಹುಟ್ಟಿಸುತ್ತದೆ, ಆದರೆ ಉತ್ಸಾಹ ತುಂಬುವುದು ಸಾಧನೆ, ಮನ್ನಣೆ ಮತ್ತು ಹೊಣೆಗಾರಿಕೆ. ನಾವು ಇಮಾಮರಿಗೆ ಮೊದಲನೆಯದನ್ನೂ ಕೊಟ್ಟಿಲ್ಲ, ಎರಡನೆಯದನ್ನೂ ಕೊಟ್ಟಿಲ್ಲ. ಆಮೇಲೆ ಪ್ರತಿಭಾವಂತ ಯುವಕರು ಈ ಕ್ಷೇತ್ರಕ್ಕೆ ಬರುತ್ತಿಲ್ಲವೆಂದು ಗೋಳಾಡುತ್ತೇವೆ.

ಜಾವಗಲ್‌ನ ದರ್ಗಾಕ್ಕೆ ಮುಸ್ಲಿಮೇತರರೂ ಬರುತ್ತಾರೆ. ಅಂಥ ಬೆರೆತು ಬಾಳುವ ಊರುಗಳಲ್ಲಿ ಇಮಾಮರು ಸಮುದಾಯದ ಮುಖವಾಗಿರುತ್ತಾರೆ. ನೆರೆಹೊರೆಯವರು ಇಸ್ಲಾಮನ್ನು ಅರಿಯುವುದು ಅವರ ನಡೆನುಡಿಯಿಂದ. ಊರಿನ ಕನ್ನಡದಲ್ಲಿ ಎಲ್ಲರೊಡನೆ ಮಾತಾಡಬಲ್ಲ, ಯುವಜನರ ಪ್ರಶ್ನೆಗೆ ಉತ್ತರಿಸಬಲ್ಲ ವಿದ್ವಾಂಸರು ನಮಗೆ ಬೇಕಿದ್ದರೆ, ಹುದ್ದೆಯನ್ನೂ ಅದಕ್ಕೆ ತಕ್ಕಂತೆ ರೂಪಿಸಬೇಕು.

ಆದ್ದರಿಂದ ಮುತವಲ್ಲಿಗಳೇ, ಸಮಿತಿಯ ಮಿತ್ರರೇ, ಅಮೃತಶಿಲೆಯ ನೆಲ, ಎತ್ತರದ ಮಿನಾರಗಳ ಯೋಜನೆಯನ್ನು ಒಂದು ವರ್ಷ ಮುಂದೂಡಿ. ಇಮಾಮರಿಗೆ ಕರ್ತವ್ಯವನ್ನು ಸ್ಪಷ್ಟಪಡಿಸಿದ ನೇಮಕಾತಿ ಪತ್ರ ಕೊಡಿ. ಕುಟುಂಬ ಬಾಳಬಲ್ಲ ವೇತನವನ್ನು ತಿಂಗಳ ಮೊದಲ ದಿನವೇ ಬ್ಯಾಂಕ್ ಖಾತೆಗೆ ಹಾಕಿ, ವರ್ಷಕ್ಕೊಮ್ಮೆ ಹೆಚ್ಚಿಸಿ. ವಾರಕ್ಕೊಂದು ದಿನ ವಿಶ್ರಾಂತಿ, ಒಬ್ಬ ಸಹಾಯಕ, ಮುಂದಿನ ಕಲಿಕೆಗೆ ಅವಕಾಶವಿರಲಿ. ಮದ್ರಸದ ಪಾಠ ಮತ್ತು ಖುತ್ಬಾದ ವಿಷಯ ಅವರಿಗೇ ಬಿಡಿ. ಹಣವಿಲ್ಲವೆನ್ನುವವರು ತಮ್ಮ ಮನೆಯ ಒಂದು ಮದುವೆಯ ಖರ್ಚನ್ನು ನೆನೆಯಲಿ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ವಿಚಾರಣೆಯಾಗುವುದು ಮಿನಾರದ ಎತ್ತರದ ಕುರಿತಲ್ಲ, ಅದರ ಕೆಳಗೆ ದುಡಿದವನ ಹಕ್ಕಿನ ಕುರಿತು.