ಒಂಟೆ ಯಾಕೋ ಅಲ್ಲಿಟ್ಟೆ?

ಆನ್‌ಲೈನ್ ಗೇಮ್ ಅಂದ ತಕ್ಷಣ ನಮ್ಮ ಮನೆಗಳಲ್ಲಿ ನೆನಪಾಗೋದು ದುಡ್ಡು ಕಳ್ಕೊಂಡವರ ಕತೆ. ಅದು ಸುಳ್ಳಲ್ಲ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆಯನ್ನೇ ತಂದಿತು. ಆದರೆ ಹಣದ ಗೊಡವೆಯಿಲ್ಲದ ಆಟಗಳಿಗೆ ಪ್ರೋತ್ಸಾಹ ಸಿಗಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಈ ಮಾತು ಯಾರ ಕಿವಿಗೂ ಬಿದ್ದಂತಿಲ್ಲ.

ರಿಟೈರ್ ಆದ ಅಪ್ಪ ಹಾಸನದಲ್ಲಿ, ನಾನು ಬೆಂಗಳೂರಲ್ಲಿ. ಫೋನ್ ಮಾಡಿದ್ರೆ ‘ಊಟ ಆಯ್ತಾ’, ‘ಮಳೆ ಬಂತಾ’ ಮುಗಿದ ಮೇಲೆ ಇಬ್ಬರಿಗೂ ಮಾತಿರಲಿಲ್ಲ. ಈಗ ಲಿಚೆಸ್‌ನಲ್ಲಿ ಚೆಸ್ ಆಡ್ತೀವಿ. ಫ್ರಾನ್ಸ್‌ನ ಪ್ರೋಗ್ರಾಮರ್ ಥಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ ತಾಣ ಅದು. ಜಾಹೀರಾತಿಲ್ಲ, ಶುಲ್ಕವಿಲ್ಲ, ಕೋಡ್ ಕೂಡ ಎಲ್ಲರಿಗೂ ಮುಕ್ತ (ನನ್ನಂಥವರಿಗೆ ಇದೇ ದೊಡ್ಡ ಖುಷಿ). ಒಂದು ನಡೆಗೆ ಮೂರು ದಿನ ಗಡುವು ಇಟ್ಕೊಂಡಿದೀವಿ. ನಾನು ಮೀಟಿಂಗ್‌ಗಳ ಮಧ್ಯೆ ಕಾಯಿ ನಡೆಸ್ತೀನಿ, ಅಪ್ಪ ಗಿಡಗಳಿಗೆ ನೀರು ಹಾಕ್ತಾ ಯೋಚಿಸ್ತಾರೆ. ಆಮೇಲೆ ಫೋನು: ‘ಒಂಟೆ ಯಾಕೋ ಅಲ್ಲಿಟ್ಟೆ?’ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಅದರ ನಡುವೆಯೇ ಒಂದಿನ, ಮಂಡಿನೋವಿಗೆ ಡಾಕ್ಟರ ಹತ್ರ ಹೋಗಿ ಬಂದಿದ್ದನ್ನೂ ಹೇಳಿದ್ರು. ಮುಂಚೆ ಆಗಿದ್ರೆ ತಿಂಗಳಾದ ಮೇಲೆ ಅಮ್ಮನಿಂದ ತಿಳೀತಿತ್ತು.

ಒಂಬತ್ತು ವರ್ಷದ ಅಕ್ಕನ ಮಗಳೂ ಸೇರ್ಕೊಂಡಿದ್ದಾಳೆ. ಸೋತರೆ ಅಳ್ತಿದ್ದವಳು ಈಗ ಕಂಪ್ಯೂಟರ್ ವಿಶ್ಲೇಷಣೆ ತೆಗೆದು ಎಲ್ಲಿ ಎಡವಿದೆ ಅಂತ ನೋಡ್ತಾಳೆ. ಅಜ್ಜ ಎಲ್ಲಿ ಎಡವಿದರು ಅಂತಲೂ ತೋರಿಸ್ತಾಳೆ. ಅಜ್ಜನಿಗೆ ಅದು ಅಷ್ಟೇನೂ ಇಷ್ಟವಾಗಲ್ಲ.

ಆಡಿದ್ರೆ ಬುದ್ಧಿ ಚುರುಕಾಗುತ್ತೆ ಅಂತೆಲ್ಲ ನಾನು ಆಸೆ ಹುಟ್ಟಿಸಲ್ಲ. ನೀವೂ ಶುರು ಮಾಡೋದಾದ್ರೆ, ಹಿರಿಯರ ಜೊತೆ ನಿಮಿಷದ ಗಡಿಯಾರ ಬೇಡ. ದಿನದ ಲೆಕ್ಕದ ಆಟವೇ ಇಡಿ. ಊರಿನ ನೆಟ್‌ವರ್ಕ್‌ಗೂ ಅದೇ ಸರಿ.