ಹತ್ತರಲ್ಲಿ ಒಮ್ಮೆ ಬರುವ ದೇವರು

ಕಳೆದ ತಪಸ್ಸುಕಾಲದ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಒಂದು ದಪ್ಪ ಪುಸ್ತಕವನ್ನೂ ಒಂದು ನೋಟ್ ಪುಸ್ತಕವನ್ನೂ ನನ್ನ ಕೈಗಿತ್ತು, "ಮೇಷ್ಟ್ರೇ, ಇವನ್ನು ಸುಟ್ಟುಬಿಡಲೇ?" ಎಂದು ಕೇಳಿದರು. ದಪ್ಪ ಪುಸ್ತಕವು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ನಿಯಮಾವಳಿ. ನೋಟ್ ಪುಸ್ತಕ ಅವರ ಹದಿನೇಳು ವರ್ಷದ ಮಗನದು. ಆಟದಲ್ಲಿ ತಾನು ವಹಿಸುವ ಪಾತ್ರದ ಜೀವನವೃತ್ತಾಂತವನ್ನು ಅವನು ಅದರಲ್ಲಿ ಬರೆದಿಟ್ಟಿದ್ದ. ಆ ಪಾತ್ರ ಒಬ್ಬ ಪೂಜಾರಿ. ಅವನು ಸೇವಿಸುವುದು ರೋಗಿಗಳನ್ನು ಕಾಯುವ ಒಂದು ಕಲ್ಪಿತ ದೇವತೆಯನ್ನು. ಆದರೆ ಪೂಜಾರಿಯ ತಂದೆ ಜ್ವರದಿಂದ ಸಾಯುತ್ತಿದ್ದ ರಾತ್ರಿ ಆ ದೇವತೆ ಬರಲಿಲ್ಲ, ಕರೆದರೂ ಬರಲಿಲ್ಲ. ಪೂಜಾರಿ ಮಾತ್ರ ದೀಕ್ಷೆಯನ್ನು ತ್ಯಜಿಸಲಿಲ್ಲ. ಏಕೆ ತ್ಯಜಿಸಲಿಲ್ಲ ಎಂಬುದು ಅವನಿಗೇ ತಿಳಿಯದು ಎಂದು ಹುಡುಗ ಬರೆದಿದ್ದ.

ಈ ತಾಯಿ 2021ರ ಮೇ ತಿಂಗಳಲ್ಲಿ ಪತಿಯನ್ನು ಕಳೆದುಕೊಂಡವರು. ಇಷ್ಟನ್ನು ಹೇಳದೆ ಮುಂದಿನ ಮಾತುಗಳಿಗೆ ಅರ್ಥವಿಲ್ಲ.

ಆಟದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಇದು ಪ್ರಕಟವಾಯಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಒಬ್ಬ ಸೂತ್ರಧಾರ ಲೋಕವನ್ನು ವರ್ಣಿಸುತ್ತಾನೆ. ಫಲಿತಾಂಶ ಅನಿಶ್ಚಿತವಾದಾಗ ದಾಳ ಉರುಳುತ್ತದೆ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತಲ್ಲಿಯೇ ಕರ್ಣನೂ ಕೃಷ್ಣನೂ ಆಗುವುದನ್ನು ಕಂಡವರಿಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ. ಇಲ್ಲಿ ಪ್ರಸಂಗ ಮೊದಲೇ ಗೊತ್ತಿರುವುದಿಲ್ಲ, ಅಷ್ಟೇ.

ಈ ಆಟ ಮಕ್ಕಳನ್ನು ದೆವ್ವದ ವಶಕ್ಕೆ ಒಪ್ಪಿಸುತ್ತದೆ ಎಂಬ ಗುಲ್ಲು 1980ರ ದಶಕದಲ್ಲಿ ಅಮೆರಿಕದಲ್ಲಿ ಎದ್ದಿತು. 1984ರಲ್ಲಿ ಜ್ಯಾಕ್ ಚಿಕ್ ಎಂಬವರು 'ಡಾರ್ಕ್ ಡಂಜನ್ಸ್' ಎಂಬ ಚಿತ್ರಪುಸ್ತಿಕೆಯನ್ನು ಹಂಚಿ, ಆಡಿದವರು ನಿಜವಾದ ಮಾಟವನ್ನು ಕಲಿಯುತ್ತಾರೆಂದು ಹೆದರಿಸಿದರು. ಅದನ್ನು ನಮ್ಮವರು ಈಗಲೂ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳುಹಿಸುತ್ತಿರುವುದನ್ನು ನೋಡಿದ್ದೇನೆ. ಅಂಥವರಿಗೆ ಒಂದು ಸಂಗತಿ ನೆನಪಿಸಬೇಕು: ನಾವು ಮೊಣಕಾಲೂರಿ ಸ್ವೀಕರಿಸುವ ಪರಮಪ್ರಸಾದವನ್ನು ಬಿಸ್ಕತ್ತೆಂದು ಹೀಯಾಳಿಸಿ ಮತ್ತೊಂದು ಪುಸ್ತಿಕೆಯನ್ನು ಹೊರತಂದವರೂ ಅದೇ ಚಿಕ್. ದೆವ್ವವನ್ನು ಗುರುತಿಸುವ ವಿದ್ಯೆಯನ್ನು ಅವರಿಂದ ಕಲಿಯುವ ಗರಜು ನಮಗಿಲ್ಲ.

ಹಾಗಾದರೆ ಆಟದಲ್ಲಿ ದೋಷವೇ ಇಲ್ಲವೇ? ಇದೆ. ಆದರೆ ಅದು ದೆವ್ವಗಳಲ್ಲಿ ಇಲ್ಲ, ದೇವತೆಗಳಲ್ಲಿದೆ. 1980ರಲ್ಲಿ ಪ್ರಕಟವಾದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಗ್ರಂಥ, ಪ್ರತಿಯೊಬ್ಬ ದೇವತೆಯೂ ಎಷ್ಟು ಪೆಟ್ಟು ತಾಳಬಲ್ಲನೆಂಬುದನ್ನು ಅಂಕಿಗಳಲ್ಲಿ ನಮೂದಿಸಿತು. ಗ್ರೀಕರ ಝೂಸ್‌ನ ಜೊತೆಗೆ ಇಂದ್ರ, ಅಗ್ನಿ, ವಿಷ್ಣು, ಕಾಳಿಯರೂ ಆ ಪಟ್ಟಿಯಲ್ಲಿದ್ದರು. ಬೈಬಲ್ಲಿನ ದೇವರು ಮಾತ್ರ ಇರಲಿಲ್ಲ. ನಮ್ಮ ನೆರೆಮನೆಯವರು ಪ್ರತಿದಿನ ಬೆಳಗ್ಗೆ ಕೈಮುಗಿಯುವ ದೈವವನ್ನು ಬೇಟೆಯ ಮೃಗದಂತೆ ತೂಗಿ ಅಳೆದವರಿಗೆ, ತಮ್ಮ ಊರಿನ ದೇವರನ್ನು ಹಾಗೆ ತೂಗಬಾರದೆಂಬ ವಿವೇಕ ಮಾತ್ರ ಇತ್ತು. ಈ ತಾರತಮ್ಯಕ್ಕೆ ಭಾರತದ ಕ್ರೈಸ್ತರಾದ ನಾವು ನಾಚಿಕೊಂಡರೆ ತಪ್ಪಿಲ್ಲ.

ನನ್ನ ಮುಖ್ಯ ತಕರಾರು ಇದಕ್ಕಿಂತ ಸೂಕ್ಷ್ಮವಾದುದು. ಗೈಗ್ಯಾಕ್ಸ್ 1979ರಲ್ಲಿ ಬರೆದ ಸೂತ್ರಧಾರರ ಕೈಪಿಡಿಯಲ್ಲಿ, ಪೂಜಾರಿಯ ಪಾತ್ರಧಾರಿ ತನ್ನ ದೇವತೆಯ ಮಾರ್ಗದಿಂದ ಜಾರಿದರೆ ದೊಡ್ಡ ವರಗಳು ನಿಂತುಹೋಗಬಹುದಿತ್ತು. ಅವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. 2014ರ ಆವೃತ್ತಿಯಲ್ಲಿ ಈ ಕಟ್ಟು ಸಡಿಲಗೊಂಡಿತು. ಆದರೂ ಒಂದು ಅದ್ಭುತವಾದ ನಿಯಮ ಅದರಲ್ಲಿ ಉಳಿದಿತ್ತು. ಹತ್ತನೆಯ ಹಂತ ತಲುಪಿದ ಪೂಜಾರಿ ಸಂಕಟದಲ್ಲಿ ದೇವತೆಯನ್ನು ನೇರವಾಗಿ ಕೂಗಬಹುದು. ನೂರರ ದಾಳ ಉರುಳಿಸಬೇಕು. ಹತ್ತು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಾತ್ರ ದೇವತೆ ಓಗೊಡುತ್ತದೆ. ಅಂದರೆ ಹತ್ತು ಸಲ ಕೂಗಿದರೆ ಸರಾಸರಿ ಒಂದು ಸಲ. ಉಳಿದ ಒಂಬತ್ತು ಸಲ ಮೌನ. 2024ರ ಪರಿಷ್ಕೃತ ಆವೃತ್ತಿಯಲ್ಲಿ ಆ ದಾಳವನ್ನೇ ತೆಗೆದುಹಾಕಿದರು. ಈಗ ಅದೇ ಹಂತದ ಪೂಜಾರಿ ಐದನೆಯ ದರ್ಜೆಯವರೆಗಿನ ತನಗೆ ಬೇಕಾದ ವರವೊಂದನ್ನು ಆರಿಸಿ ಪಡೆಯುತ್ತಾನೆ. ಒಂದು ರಾತ್ರಿ ವಿಶ್ರಮಿಸಿದರೆ ಮತ್ತೆ ಕೇಳಬಹುದು. ಸೋಲೇ ಇಲ್ಲ.

ಆಟಗಾರರಿಗೆ ಇದು ಸುಧಾರಣೆ. ಅಪರೂಪಕ್ಕೆ ಫಲಿಸುವ ಶಕ್ತಿ ಯಾರಿಗೆ ಬೇಕು? ಅವರ ತರ್ಕ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಕಳೆದುಕೊಂಡ ದೇವತೆ ಇನ್ನು ಪಾತ್ರದ ಕಥೆಯಲ್ಲಿ ಏನು ಮಾಡಬಲ್ಲದು? ಯಾವ ದೇವತೆಯನ್ನು ಆರಿಸಿದರೆ ಯಾವ ಶಕ್ತಿ ದೊರೆಯುತ್ತದೆಂದು ಲೆಕ್ಕ ಹಾಕಿ, ಆಮೇಲೆ ಅದಕ್ಕೆ ಒಪ್ಪುವ ಭಕ್ತಿಯ ಕಥೆಯನ್ನು ಹೊಲಿಯುವುದು ಇಂದು ಸಾಮಾನ್ಯ ಪದ್ಧತಿ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಸಮಾರ್ಯದ ಸಿಮೋನ ಹೀಗೆಯೇ ಯೋಚಿಸಿದವನು. ಪ್ರೇಷಿತರು ಕೈಯಿಟ್ಟಾಗ ಜನ ಪವಿತ್ರಾತ್ಮರನ್ನು ಪಡೆಯುವುದನ್ನು ಕಂಡು, ಆ ಶಕ್ತಿಗೆ ಬೆಲೆ ಎಷ್ಟೆಂದು ಹಣದ ಚೀಲ ಬಿಚ್ಚಿದ. ಅವನು ದೇವರನ್ನು ನಿರಾಕರಿಸಲಿಲ್ಲ, ಖರೀದಿಸಲು ಹೊರಟ. ಪೇತ್ರರ ಕೋಪ ನಮಗೆ ಗೊತ್ತೇ ಇದೆ.

ಇಲ್ಲಿಗೆ ಬಂದಾಗ ಲೇಖನಿ ಸ್ವಲ್ಪ ತಡವರಿಸುತ್ತದೆ. ಒಂಬತ್ತು ಮಂಗಳವಾರ ಮೇಣದ ಬತ್ತಿ ಹಚ್ಚಿದರೆ ಮಗನಿಗೆ ಸೀಟು, ಹದಿಮೂರು ಮಂಗಳವಾರವಾದರೆ ಮಗಳಿಗೆ ವರ ಎಂದು ಲೆಕ್ಕ ಹಿಡಿದವರು ನಮ್ಮ ಬೆಂಚುಗಳಲ್ಲಿಯೇ ಕೂತಿದ್ದಾರೆ. ಅವರ ಸಂತ ಅಂತೋಣಿಯವರಿಗೂ 2024ರ ಪುಸ್ತಕದ ದೇವತೆಗೂ ಇರುವ ಅಂತರವೆಷ್ಟು? ಆ ಪುಸ್ತಕವನ್ನು ಸುಡುವುದಾದರೆ ನಮ್ಮ ಮನೆಯಲ್ಲಿಯೂ ಸುಡಬೇಕಾದ ಕೆಲವು ಹಾಳೆಗಳಿವೆ.

ದೇವರನ್ನು ಒಬ್ಬ ಮನುಷ್ಯನ ಕಥೆಯಲ್ಲಿ ಹೆಣೆಯುವುದು ಹೇಗೆಂಬುದಕ್ಕೆ ಆದಿಕಾಂಡದ ಯಕೋಬನನ್ನು ನೋಡಿ. ಬೇತೇಲಿನಲ್ಲಿ ಅವನು ಮಾಡಿದ ಹರಕೆ ಶುದ್ಧ ವ್ಯಾಪಾರ: ಅನ್ನ ಬಟ್ಟೆ ಕೊಟ್ಟು ಕ್ಷೇಮವಾಗಿ ಮನೆಗೆ ಮುಟ್ಟಿಸಿದರೆ ನೀನೇ ನನ್ನ ದೇವರು. ದೇವರು ಆ ವ್ಯಾಪಾರವನ್ನು ತಿರಸ್ಕರಿಸಲಿಲ್ಲ. ಇಪ್ಪತ್ತು ವರ್ಷ ಮಾವನ ಮನೆಯಲ್ಲಿ ದುಡಿದು ಮೋಸ ಮಾಡಿ, ಮೋಸ ಹೋಗಿ ಹಿಂತಿರುಗುವಾಗ ಯಬ್ಬೋಕ್ ಹೊಳೆಯ ಬಳಿ ಇರುಳೆಲ್ಲ ಹೆಸರು ಹೇಳದ ಒಬ್ಬರೊಡನೆ ಸೆಣಸಬೇಕಾಯಿತು. ಬೆಳಗಾಗುವಾಗ ಅವನಿಗೆ ಆಶೀರ್ವಾದ ಸಿಕ್ಕಿತು, ಹೊಸ ಹೆಸರು ಸಿಕ್ಕಿತು, ತೊಡೆಯ ಕೀಲು ತಪ್ಪಿತ್ತು.

ಕಲ್ಪನೆಗೆ ಹೆದರುವವರಿಗೆ ಸಂತ ಇಗ್ನೇಷಿಯಸರ ಕಥೆ ಹೇಳುತ್ತೇನೆ. 1521ರಲ್ಲಿ ಪ್ಯಾಂಪ್ಲೋನದಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದು ಹಾಸಿಗೆ ಹಿಡಿದಾಗ ಅವರು ಕೇಳಿದ್ದು ವೀರಯೋಧರ ಅದ್ಭುತ ಕಥೆಗಳನ್ನು. ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಚರಿತ್ರೆ. ಫ್ರಾನ್ಸಿಸರೂ ದೊಮಿನಿಕರೂ ಮಾಡಿದ್ದನ್ನು ನಾನು ಮಾಡಿದರೆ ಹೇಗೆ ಎಂದು ಅವರು ಗಂಟೆಗಟ್ಟಲೆ ಕಲ್ಪಿಸಿಕೊಂಡರು. ಮರುವರ್ಷ ಮೊನ್‌ಸೆರಾತ್‌ಗೆ ಹೋಗುವ ದಾರಿಯಲ್ಲಿ, ಮಾತೆ ಮರಿಯಳ ಬಗ್ಗೆ ಹಗುರವಾಗಿ ಮಾತಾಡಿದವನನ್ನು ಇರಿಯಬೇಕೇ ಬಿಡಬೇಕೇ ಎಂದು ತೋಚದೆ, ಹೇಸರಗತ್ತೆಯ ಲಗಾಮು ಸಡಿಲಿಸಿ ತೀರ್ಮಾನವನ್ನು ಅದಕ್ಕೇ ಬಿಟ್ಟರು. ದಾಳ ಉರುಳಿಸಿದಂತೆಯೇ! ಪುಣ್ಯಕ್ಕೆ ಗತ್ತೆ ಬೇರೆ ದಾರಿ ಹಿಡಿಯಿತು. ಆಮೇಲೆ ಕಾದಂಬರಿಗಳ ಯೋಧರಂತೆ ಮಾತೆಯ ಪೀಠದ ಮುಂದೆ ಇರುಳಿಡೀ ಜಾಗರಣೆ ಮಾಡಿ, ಕತ್ತಿಯನ್ನು ಅಲ್ಲಿಯೇ ಬಿಟ್ಟರು. ಕಥೆಯಲ್ಲಿ ಕಲಿತ ಪಾತ್ರವೇ ಅವರನ್ನು ಆ ಪೀಠದವರೆಗೆ ಕರೆತಂದಿತ್ತು.

ಆ ತಾಯಿಗೆ ಎರಡೂ ಪುಸ್ತಕಗಳನ್ನು ಹಿಂತಿರುಗಿಸಿ, "ಸುಡಬೇಡಿ ಅಮ್ಮಾ, ನೋಟ್ ಪುಸ್ತಕವನ್ನಂತೂ ಖಂಡಿತ ಬೇಡ" ಎಂದೆ. ಈ ನಾಲ್ಕು ವರ್ಷಗಳಲ್ಲಿ ಅಪ್ಪನ ಸಾವಿನ ಬಗ್ಗೆ ಹುಡುಗ ಮನೆಯಲ್ಲಿ ಒಂದು ಮಾತೂ ಆಡಿಲ್ಲವೆಂದು ಅವರೇ ಹೇಳಿದ್ದರು. ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಅವನಿಗೆ ಸಿಗದ ಮಾತು ಆ ಮೇಜಿನ ಬಳಿ ಸಿಕ್ಕಿದ್ದರೆ, ಲೆಕ್ಕ ಒಪ್ಪಿಸಬೇಕಾದವನು ತರಗತಿ ನಡೆಸುವ ನಾನು.

ಎರಡು ವಾರ ಬಿಟ್ಟು ಹುಡುಗನೇ ಸಿಕ್ಕಿದ. ಅವನ ಗುಂಪು ಹೊಸ ಪುಸ್ತಕವನ್ನು ಇಟ್ಟುಕೊಂಡಿದ್ದರೂ ಈ ಒಂದು ವಿಷಯದಲ್ಲಿ ಹಳೆಯ ನಿಯಮವನ್ನೇ ಉಳಿಸಿಕೊಂಡಿದೆಯಂತೆ. ಹಟ ಹಿಡಿದವನು ಇವನೇ. ಹಿಂದಿನ ಶನಿವಾರ ಕಥೆಯಲ್ಲಿ ಒಂದು ಮಗುವಿಗೆ ಯಾವ ಮಂತ್ರಕ್ಕೂ ಬಗ್ಗದ ಜ್ವರ. ಪೂಜಾರಿ ದೇವತೆಯನ್ನು ಕೂಗಿದ. ದಾಳದಲ್ಲಿ 63 ಬಿತ್ತು.

"ಆಮೇಲೆ?"

"ಬರಲಿಲ್ಲ ಮೇಷ್ಟ್ರೇ. ಅವನು ಹಾಸಿಗೆಯ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಇದ್ದ, ರಾತ್ರಿಯೆಲ್ಲ."

"ಮಗು ಉಳಿಯಿತೇ?"

"ಗೊತ್ತಿಲ್ಲ. ಅಷ್ಟರಲ್ಲಿ ಹತ್ತು ಗಂಟೆಯಾಯಿತು, ಎಲ್ಲರೂ ಮನೆಗೆ ಹೋದೆವು. ಮುಂದಿನ ಶನಿವಾರ ಅಲ್ಲಿಂದಲೇ ಶುರು."